ದತ್ತ ಕೊಟ್ಟವರು ಯಾರು?

ಕಳೆದ ವರ್ಷದ ಮಾತು. ಸಮಾಜಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಮಾಗಡಿ ಕಡೆಯ ಒಂದು ಹಳ್ಳಿಗೆ ರೇಷ್ಮೆ ಬೆಳೆಗಾರರ ಸಮೀಕ್ಷೆಗೆಂದು ಹೋಗಿದ್ದ. ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನಾವಳಿ. ಅದರಲ್ಲೊಂದು ಪ್ರಶ್ನೆ: ‘ಮನೆಯ ಮುಖ್ಯ ತೀರ್ಮಾನಗಳನ್ನು ತೆಗೆದುಕೊಳ್ಳುವವರು ಯಾರು?’ ಉತ್ತರಕ್ಕೆ ನಾಲ್ಕು ಕಲಮುಗಳು: ಗಂಡ, ಹೆಂಡತಿ, ಹಿರಿಯರು, ಎಲ್ಲರೂ ಸೇರಿ. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕುಳಿತಿದ್ದ ಮನೆಯಾಕೆ ತಲೆಯೆತ್ತದೆಯೇ, “ಈಗ ಇನ್ಯಾರು, ಹುಳ ಹೇಳ್ದಂಗೆ ಕಣಪ್ಪ” ಎಂದರಂತೆ. ವರದಿಯ ಕನ್ನಡವನ್ನು ತಿದ್ದಿಸಿಕೊಳ್ಳಲು ನನ್ನಲ್ಲಿಗೆ ಬಂದ ಹುಡುಗ ಕೇಳಿದ: “ಸಾರ್, ಇದನ್ನ ಯಾವ ಕಲಮಿನಲ್ಲಿ ಬರೀಲಿ?”

ಆಕೆ ತಮಾಷೆಗೆ ಹೇಳಿದ್ದು, ಬಿಟ್ಟುಬಿಡು ಎಂದುಬಿಡುವುದು ಸುಲಭವಿತ್ತು. ನಾನು ಹಾಗೆ ಹೇಳಲಿಲ್ಲ. ಏಕೆಂದರೆ ಆ ಮಾತನ್ನು ತಮಾಷೆಯೆಂದು ತಳ್ಳಿಹಾಕಬಾರದು, ಸಂಶೋಧನೆ ಮೊದಲಾಗಬೇಕಾದದ್ದೇ ಅಂಥ ಮಾತಿನಿಂದ ಎಂದು ವಾದಿಸುವ ಒಂದು ಪಂಥ ಕಳೆದ ಕೆಲವು ದಶಕಗಳಿಂದ ಪಶ್ಚಿಮದ ವಿದ್ವತ್ತಿನಲ್ಲಿ ಬೆಳೆದಿದೆ. ಅದನ್ನು ಕನ್ನಡದಲ್ಲಿ ಮಾನವೋತ್ತರವಾದ ಎನ್ನುವ ರೂಢಿ ಬರುತ್ತಿದೆ. ಹೆಸರು ಕೇಳಿ ವಾಚಕರು ಬೆಚ್ಚಬೇಕಾಗಿಲ್ಲ. ಮನುಷ್ಯ ಅಳಿದ ಮೇಲಿನ ಕಾಲದ ಮಾತಲ್ಲ ಇದು. ಲೋಕದ ಅಳತೆಗೋಲು ಮನುಷ್ಯನೊಬ್ಬನೇ ಎಂಬ ನಂಬಿಕೆಯನ್ನು ದಾಟಿ ನೋಡಬೇಕೆಂಬ ಹಂಬಲ, ಅಷ್ಟೆ. ಈ ಪಂಥದ ಗುಣವೇನು, ದೋಷವೇನು, ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ತಂದು ಉಜ್ಜಿದರೆ ಅದರ ಬಂಗಾರದಲ್ಲಿ ಎಷ್ಟು ಬೆರಕೆ ಕಾಣುತ್ತದೆ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮೊದಲು ಅವರ ವಾದವನ್ನು ಅವರ ಪಕ್ಷದಿಂದಲೇ ಕೇಳೋಣ. 1986ರಲ್ಲಿ ಮಿಷೆಲ್ ಕಾಲೋನ್ ಎಂಬ ಫ್ರೆಂಚ್ ವಿದ್ವಾಂಸ ತನ್ನ ನಾಡಿನ ಸೇಂಟ್ ಬ್ರಿಯೂ ಕೊಲ್ಲಿಯ ಚಿಪ್ಪುಜೀವಿಗಳ ಬಗ್ಗೆ ಒಂದು ಪ್ರಬಂಧ ಬರೆದ. ಆ ಜೀವಿಗಳ ಸಾಕಣೆಗೆ ಮೂವರು ವಿಜ್ಞಾನಿಗಳು ಹೊರಟರು, ಬೆಸ್ತರನ್ನು ಒಪ್ಪಿಸಿದರು, ಸಹೋದ್ಯೋಗಿಗಳನ್ನು ಒಪ್ಪಿಸಿದರು. ಆದರೆ ಚಿಪ್ಪಿನ ಮರಿಗಳೂ ಒಪ್ಪಬೇಕಷ್ಟೆ? ಅವು ತಮಗಾಗಿ ಇಳಿಬಿಟ್ಟ ಬಲೆಗಳಿಗೆ ಅಂಟಿಕೊಳ್ಳದೆ ಹೋದಾಗ ಇಡೀ ಯೋಜನೆಯೇ ಕುಸಿಯುವ ಸ್ಥಿತಿ ಬಂತು. ಹಾಗಿದ್ದ ಮೇಲೆ ಬೆಸ್ತರನ್ನು ಮಾತ್ರ ಪಾತ್ರಧಾರಿಗಳೆಂದು ಎಣಿಸಿ ಚಿಪ್ಪುಗಳನ್ನು ರಂಗಸಜ್ಜಿಕೆಯೆಂದು ಬಿಡುವುದು ಯಾವ ನ್ಯಾಯ ಎಂಬುದು ಕಾಲೋನನ ಪ್ರಶ್ನೆ. ಅವನ ಜೊತೆಗಾರ ಬ್ರೂನೋ ಲತೂರ್ ಇದನ್ನೇ ಬೆಳೆಸಿ, ಸಮಾಜವೆಂಬುದು ಮನುಷ್ಯರು ಮಾತ್ರ ಸೇರಿ ಆದ ಕೂಟವಲ್ಲ, ವಸ್ತು, ಪ್ರಾಣಿ, ಯಂತ್ರ, ಕಾಗದಗಳೂ ಕೂಡಿದ ಜಾಲ ಎಂದ. ಡಾನಾ ಹ್ಯಾರವೇ ನಾಯಿಯೊಡನೆ ಮನುಷ್ಯ ಬೆಳೆದ ಬಗೆಯನ್ನು ಕುರಿತು ಬರೆದರು. ಭೌತವಿಜ್ಞಾನ ಕಲಿತು ತತ್ತ್ವಶಾಸ್ತ್ರಕ್ಕೆ ಬಂದ ಕ್ಯಾರೆನ್ ಬರಾಡ್ 2007ರ ತಮ್ಮ ಗ್ರಂಥದಲ್ಲಿ, ಅಳೆಯುವ ಉಪಕರಣವನ್ನೂ ಅಳತೆಗೊಳಗಾದ ವಸ್ತುವನ್ನೂ ಪೂರ್ತಿಯಾಗಿ ಬೇರ್ಪಡಿಸಲಾಗದು, ಎರಡೂ ಆ ಕ್ರಿಯೆಯ ಒಳಗೇ ರೂಪು ತಳೆಯುತ್ತವೆ ಎಂದು ಸಾಧಿಸಲು ಯತ್ನಿಸಿದರು.

ಈ ವಿಚಾರಗಳು ಸಮಾಜ ಸಂಶೋಧನೆಯ ವಿಧಾನಕ್ಕೂ ಇಳಿದು ಬಂದವು. ಸಂದರ್ಶನಗಳನ್ನು ಬರೆದುಕೊಂಡು, ಸಾಲುಸಾಲಾಗಿ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಸಂಕೇತ ಹಚ್ಚಿ, ಒಂದೇ ಸಂಕೇತದವನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ ತೀರ್ಮಾನ ತೆಗೆಯುವುದು ಪ್ರಚಲಿತವಾದ ಕ್ರಮ. 2012ರಲ್ಲಿ ಅಲೀಸಿಯಾ ಜಾಕ್ಸನ್ ಮತ್ತು ಲೀಸಾ ಮಾಝೈ ಎಂಬ ಇಬ್ಬರು ವಿದುಷಿಯರು ಈ ಕ್ರಮವನ್ನು ಪ್ರಶ್ನಿಸಿ, ಒಂದೇ ಸಂದರ್ಶನವನ್ನು ಹಲವು ತತ್ತ್ವಜ್ಞರ ಜೊತೆಯಲ್ಲಿ ಕುಳಿತು ಓದಿ ತೋರಿಸಿದರು. ಇಂಗ್ಲೆಂಡಿನ ಮ್ಯಾಗಿ ಮೆಕ್ಲೂರ್, ದತ್ತಾಂಶದಲ್ಲಿ ಕೆಲವು ತುಣುಕುಗಳು ಯಾವ ಕಲಮಿಗೂ ಸೇರದೆ ತಾವೇ ಹೊಳೆಯುತ್ತವೆ, ಸಂಶೋಧಕ ಅಲ್ಲಿ ತಡೆದು ನಿಲ್ಲಬೇಕು ಎಂಬ ಅಭಿಪ್ರಾಯವನ್ನು ಮುಂದಿಟ್ಟರು. ನನ್ನ ವಿದ್ಯಾರ್ಥಿಗೆ ಸಿಕ್ಕಿದ್ದು ಅಂಥ ತುಣುಕೇ ಸರಿ.

ಇಲ್ಲಿ ಕನ್ನಡದ ಅಧ್ಯಾಪಕನಾಗಿ ಒಂದು ಮಾತು ಹೇಳಬೇಕು. ‘ದತ್ತಾಂಶ’ದ ದತ್ತಕ್ಕೆ ಅರ್ಥ ‘ಕೊಟ್ಟದ್ದು’. ಇಂಗ್ಲಿಷರು ಲ್ಯಾಟಿನ್ನಿನಿಂದ ಪಡೆದ ‘ಡೇಟಾ’ಕ್ಕೂ ಅದೇ ಅರ್ಥ. ದತ್ತಿ, ದತ್ತು ಎಂಬ ನಮ್ಮ ಮಾತುಗಳೂ ಅದೇ ಮೂಲದವು. ಕೊಟ್ಟದ್ದು ಎಂದ ಮೇಲೆ ಕೊಟ್ಟವರು ಇರಲೇಬೇಕು. ಕೊಟ್ಟವರು ಯಾರು? ಪ್ರಶ್ನಾವಳಿಗೆ ಉತ್ತರ ಹೇಳಿದ ಮನುಷ್ಯ ಮಾತ್ರವೋ? ಅವನ ಬದುಕನ್ನು ಆ ಉತ್ತರಕ್ಕೆ ತಂದು ನಿಲ್ಲಿಸಿದ ಉಳಿದ ಸಂಗತಿಗಳೂ ಕೊಟ್ಟವರ ಪಟ್ಟಿಯಲ್ಲಿ ಸೇರಬೇಡವೆ? ಮಾನವೋತ್ತರವಾದದ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿದೆ ಎಂದರೆ ತಪ್ಪಾಗಲಾರದು.

ಹುಳುಮನೆಯನ್ನೇ ನೋಡಿರಿ. ಚಾಕಿ ಹುಳ ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಆ ಮನೆಯ ಗಡಿಯಾರ ಗೋಡೆಯ ಮೇಲಿರುವುದಿಲ್ಲ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ರೈತರು ಇದಕ್ಕೆ ಜ್ವರವೆನ್ನುತ್ತಾರೆ. ಜ್ವರಕ್ಕೆ ಕುಳಿತಾಗ ಸೊಪ್ಪು ಕೊಡುವಂತಿಲ್ಲ. ಎದ್ದಾಗ ಕೊಡದೆ ಇರುವಂತಿಲ್ಲ. ನಾಲ್ಕನೆಯ ಜ್ವರ ಕಳೆದ ಮೇಲಂತೂ ಅದು ತನ್ನ ಜನ್ಮದ ಸೊಪ್ಪಿನ ಬಹುಪಾಲನ್ನು ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತದೆ. ಆಗ ಮನೆಯವರಿಗೆ ರಾತ್ರಿಯಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ ಆಗದು, ಸೊಳ್ಳೆಗೆ ಹಾಕುವ ಔಷಧಿ ಆಗದು, ಕಾಲು ತೊಳೆಯದ ನೆಂಟ ಆಗದು. ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಡುವ ದಿನ ಮದುವೆಯಿದ್ದರೆ ಮದುವೆಗೆ ಒಬ್ಬರನ್ನು ಕಳಿಸಿ ಉಳಿದವರು ಮನೆಯಲ್ಲಿ ನಿಲ್ಲುತ್ತಾರೆ. ಇಷ್ಟನ್ನು ಬಲ್ಲವರಿಗೆ ಆ ಹೆಂಗಸಿನ ಉತ್ತರ ಹಾಸ್ಯವಾಗಿ ಮಾತ್ರ ಕೇಳಿಸಲಾರದು.

ಕಿಟಕಿ ಬಾಗಿಲುಗಳ ಬಲೆಯನ್ನೇ ತೆಗೆದುಕೊಳ್ಳಿ. 1980ಕ್ಕೆ ಮೊದಲು ಕರ್ನಾಟಕದ ಹುಳುಮನೆಗಳಿಗೆ ಊಜಿ ನೊಣದ ಬಾಧೆ ಇರಲಿಲ್ಲ. ಆ ವರ್ಷ ಅದು ಬಂಗಾಳದ ಕಡೆಯಿಂದ ಗೂಡಿನ ಜೊತೆಯಲ್ಲಿ ಇಲ್ಲಿಗೆ ಬಂತು. ನೊಣ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳವನ್ನು ತಿನ್ನುತ್ತದೆ. ಗೂಡು ಕಟ್ಟಿದ್ದರೆ ಅದನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಒಂದು ನೊಣ ಬಂದು ಸಾವಿರಾರು ಮನೆಗಳ ಕಿಟಕಿಗೆ ನೈಲಾನ್ ಬಲೆ ಹೊದಿಸಿತು. ಮನೆಗಳ ವಾಸ್ತುವನ್ನು ಕುರಿತು ಬರೆಯುವ ಸಂಶೋಧಕ ಮನೆಯೊಡೆಯನನ್ನು ಮಾತ್ರ ಕೇಳಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಲ್ಲಿಂದ ರಾಮನಗರದ ಗೂಡಿನ ಮಾರುಕಟ್ಟೆಗೆ ಬನ್ನಿ. 1959ರ ಕಾಯಿದೆಯ ಪ್ರಕಾರ ಗೂಡಿನ ವ್ಯಾಪಾರ ಸರ್ಕಾರದ ಮಾರುಕಟ್ಟೆಯಲ್ಲೇ ನಡೆಯಬೇಕು. ಹಿಂದೆ ಕೂಗಿನ ಹರಾಜು ನಡೆಯುತ್ತಿದ್ದ ಅಂಗಳದಲ್ಲಿ ಈಗ ರೀಲರುಗಳು ಮೊಬೈಲಿನಲ್ಲಿ ದರ ಒತ್ತುತ್ತಾರೆ. ದರ ಕಡಮೆಯೆನಿಸಿದರೆ ರೈತ ಒಪ್ಪದಿರಬಹುದು. ಕಾನೂನು ಆ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಗೂಡಿನೊಳಗಿನ ಜೀವ ಕೊಟ್ಟಿಲ್ಲ. ಕೆಲವೇ ದಿನ ತಡೆದರೆ ಅದು ಚಿಟ್ಟೆಯಾಗಿ ಗೂಡನ್ನು ಸೀಳಿ ಹೊರಬರುತ್ತದೆ. ಬಿಸಿಗಾಳಿಯಲ್ಲಿ ಒಣಗಿಸಿ ದಾಸ್ತಾನಿಡುವ ಅನುಕೂಲ ಕೊಳ್ಳುವವನಿಗಿದ್ದಷ್ಟು ಮಾರುವವನಿಗಿಲ್ಲ. ಆದ್ದರಿಂದ ಚೌಕಾಸಿಯ ಗಡುವನ್ನು ಗೊತ್ತುಮಾಡುವುದು ಗೂಡಿನೊಳಗಿನ ಆ ಜೀವವೇ. ‘ರೈತರಿಗೆ ಚೌಕಾಸಿಯ ಶಕ್ತಿ ಕಡಮೆ’ ಎಂದು ಒಂದು ಸಾಲು ಬರೆದು ಮುಂದೆ ಹೋಗುವ ವರದಿಗಿಂತ, ಆ ಶಕ್ತಿ ಏಕೆ ಕಡಮೆಯೆಂದು ಗೂಡನ್ನು ಬಿಡಿಸಿ ನೋಡುವ ವರದಿ ಹೆಚ್ಚು ಸತ್ಯವಾದದ್ದು. ಇದು ಈ ಪಂಥಕ್ಕೆ ನಾವು ಧಾರಾಳವಾಗಿ ಸಲ್ಲಿಸಬಹುದಾದ ಮನ್ನಣೆ.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಠವುಂಟು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಂದಿನಿಂದ ಬೀಸುವ ಕಲ್ಲಿನ ಪದಗಳನ್ನು ನಾವು ತ್ರಿಪದಿಯೆಂದು ಓದಿದ್ದೇವೆ, ಛಂದಸ್ಸು ಬಿಡಿಸಿದ್ದೇವೆ, ತಾಯ್ತನದ ಭಾವವನ್ನು ಮೆಚ್ಚಿದ್ದೇವೆ. ಕಲ್ಲನ್ನು ಮಾತ್ರ ಮರೆತಿದ್ದೇವೆ. ಕಲ್ಲಿನ ಸುತ್ತು ಎಲ್ಲಿ ತಿರುಗುತ್ತದೆಯೋ ಅಲ್ಲಿ ಉಸಿರು ತಿರುಗುತ್ತದೆ, ಸಾಲು ತಿರುಗುತ್ತದೆ. ಕಾಳು ಹಾಕುವ ಕೈ ತಡೆದಾಗ ಹಾಡೂ ತಡೆಯುತ್ತದೆ. ಹಾಡಿನ ಲಯದಲ್ಲಿ ಕಲ್ಲಿಗೂ ಪಾಲುಂಟು. ರಾಮನಗರದ ಬಳಿ ಮೈಸೂರು ರಸ್ತೆಯಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ಆರಂಭವಾದ ಜಾನಪದ ಲೋಕಕ್ಕೆ ಹೋದವರು ಇದನ್ನು ಬೇಗ ಒಪ್ಪುತ್ತಾರೆ. ಗೌಡರು ಹಾಡನ್ನು ಧ್ವನಿಮುದ್ರಿಸಿ ಸುಮ್ಮನಾಗಲಿಲ್ಲ. ಬೀಸುವ ಕಲ್ಲು, ಒನಕೆ, ಕೂರಿಗೆ, ವಾದ್ಯ, ಬೊಂಬೆಗಳನ್ನೂ ತಂದಿಟ್ಟರು. ಯಾವ ವಾದದ ಹೆಸರನ್ನೂ ಹೇಳದೆ, ವಸ್ತುವೂ ಸಾಕ್ಷಿ ಹೇಳುತ್ತದೆಂದು ಅವರು ನಂಬಿದ್ದರು. ಆದರೂ ಅಲ್ಲಿ ಕಲ್ಲು ತಿರುಗದೆ ಕುಳಿತಿದೆ. ಅದನ್ನು ತಿರುಗಿಸುತ್ತಿದ್ದ ಕೈಯ ಸಂಗತಿ ನಮ್ಮ ವಿಮರ್ಶೆಯ ಮುಂದಿನ ಭಾಗಕ್ಕೆ ಬೇಕಾಗುತ್ತದೆ.

ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿಯನ್ನು ಮಾತಿನಲ್ಲಿ ಸಂದರ್ಶಿಸಿದವರಿಗೂ ಇದೇ ಅನುಭವವಾಗುತ್ತದೆ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಬಣ್ಣದ ಕಡ್ಡಿಯನ್ನು ಎಷ್ಟು ಒತ್ತಿ ಹಿಡಿಯಬೇಕೆಂದು ಕೇಳಿದರೆ ಆತ ಅಂಕಿ ಹೇಳಲಾರ. ಉಜ್ಜಿದ ಬಿಸಿಗೆ ಅರಗು ಕರಗುವ ಹದವನ್ನು ಮರ ಕೈಗೆ ತಿಳಿಸುತ್ತದೆ, ಕೈ ಅರಗಿಗೆ ತಿಳಿಸುತ್ತದೆ. ಪ್ರಶ್ನಾವಳಿಯಲ್ಲಿ ಆ ಜಾಗ ಖಾಲಿ ಉಳಿಯುತ್ತದೆ. ಖಾಲಿ ಉಳಿದದ್ದು ಅವನ ಅಜ್ಞಾನದ ಗುರುತಲ್ಲ, ಪ್ರಶ್ನೆಯ ಬಡತನದ ಗುರುತು.

ದತ್ತವೆಂಬುದು ಎಷ್ಟು ಭೌತಿಕವಾದ ವಸ್ತು ಎಂಬುದಕ್ಕೆ ನಮ್ಮ ನಾಡಿನ ದೊಡ್ಡ ನಿದರ್ಶನ ಎಂ. ಎನ್. ಶ್ರೀನಿವಾಸರದು. 1948ರಲ್ಲಿ ಅವರು ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಬರವಣಿಗೆಯಲ್ಲಿ ಅದಕ್ಕೆ ರಾಂಪುರವೆಂದು ಹೆಸರಿಟ್ಟರು. ಅವರು ಉಳಿದುಕೊಂಡಿದ್ದುದು ಪಟೇಲರ ಎತ್ತಿನ ಮನೆಯಲ್ಲಿ. ಹದಿನೆಂಟು ವರ್ಷಗಳಷ್ಟು ದೀರ್ಘಕಾಲ ತಿದ್ದಿ ವಿಂಗಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳಿಟ್ಟ ಬೆಂಕಿಗೆ ತುತ್ತಾದವು. ಆಮೇಲೆ ಅವರು ನೆನಪನ್ನೇ ಆಧಾರ ಮಾಡಿಕೊಂಡು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಗಿ ಜಗತ್ತಿನಲ್ಲೆಲ್ಲ ಹೆಸರಾಯಿತು. ಮಾನವೋತ್ತರವಾದಿಯಾದರೆ ಬೆಂಕಿಯೂ ಆ ಗ್ರಂಥದ ಸಹಕರ್ತೃ ಎಂದಾನು. ಒಂದು ಅರ್ಥದಲ್ಲಿ ನಿಜ. ಕಾಗದ ಉಳಿದಿದ್ದರೆ ಆ ಗ್ರಂಥ ಆ ರೂಪದಲ್ಲಿ ಹುಟ್ಟುತ್ತಿರಲಿಲ್ಲ. ಆದರೆ ಬೆಂಕಿ ಬರೆಯಲಿಲ್ಲ. ಸುಟ್ಟುಹೋದದ್ದರ ದುಃಖವನ್ನು ನುಂಗಿ, ನೆನಪಿನ ತಪ್ಪುಒಪ್ಪುಗಳಿಗೆ ತಾನೇ ಹೊಣೆಯೆಂದು ಬರೆದು ನಿಂತವರು ಶ್ರೀನಿವಾಸರು. ‘ಪಾಲು’ ಎಂಬುದಕ್ಕೂ ‘ಹೊಣೆ’ ಎಂಬುದಕ್ಕೂ ಇರುವ ಈ ಅಂತರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ನಮ್ಮವರೇ ಎತ್ತುವ ಆಕ್ಷೇಪ: ‘ಇದರಲ್ಲಿ ಹೊಸದೇನಿದೆ? ನಮ್ಮಲ್ಲಿ ಹಸು ಮಾತಾಡಿಲ್ಲವೆ, ಮರವನ್ನು ಪೂಜಿಸಿಲ್ಲವೆ?’ ಈ ಹೆಮ್ಮೆ ನನಗೆ ಒಪ್ಪಿಗೆಯಿಲ್ಲ. ಗೋವಿನ ಹಾಡಿನ ಪುಣ್ಯಕೋಟಿ ನಮ್ಮೆಲ್ಲರ ಕಣ್ಣು ತೇವ ಮಾಡಿದ ಹಸುವೆಂಬುದು ನಿಜ; ಆದರೆ ಅದು ಆಡುವುದು ಮನುಷ್ಯನ ಧರ್ಮವನ್ನು, ಮನುಷ್ಯನ ಭಾಷೆಯಲ್ಲಿ. ಹಸುವಿನ ಲೋಕವನ್ನು ಹಸುವಾಗಿ ನೋಡುವುದು ಬೇರೆ ಕೆಲಸ. 1967ರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಕುವೆಂಪು ಆ ಕೆಲಸಕ್ಕೆ ಕೈಹಾಕಿದರು. ಗುತ್ತಿಯ ನಾಯಿ ಹುಲಿಯ ಅಲ್ಲಿ ಮಾತಾಡುವುದಿಲ್ಲ. ನಾಯಿಯಾಗಿಯೇ ಇದ್ದು, ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುವಾಗ ಓದುಗನ ಎದೆ ಕಲಕುತ್ತದೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯೊಂದು ವಿಜ್ಞಾನಿಯನ್ನೂ ಜೇನು ಹಿಡಿಯುವವನನ್ನೂ ಒಂದೇ ದಾರಿಗೆ ಎಳೆದುಕೊಂಡು ಹೋಗುತ್ತದೆ. ನಮ್ಮ ಕಾದಂಬರಿಕಾರರು ಕಂಡದ್ದನ್ನು ನಮ್ಮ ಸಮಾಜಶಾಸ್ತ್ರದ ವರದಿಗಳು ಇನ್ನೂ ಕಂಡಿಲ್ಲ. ಆದ್ದರಿಂದ ‘ನಮ್ಮಲ್ಲಿ ಆಗಲೇ ಇತ್ತು’ ಎಂಬ ಸಮಾಧಾನ ಸೋಮಾರಿತನದ ಸಮಾಧಾನ.

ಎರಡನೆಯದು ಭಾಷೆಯ ಮಾತು. ಈ ಪಂಥದ ಗ್ರಂಥಗಳನ್ನು ಓದುವುದೆಂದರೆ ಲಂಟಾನದ ಪೊದೆಯಲ್ಲಿ ನುಗ್ಗಿದಂತೆ. ಪ್ರತಿ ಪುಟಕ್ಕೂ ಹೊಸದಾಗಿ ಟಂಕಿಸಿದ ಪದಗಳು. ಹುಳಕ್ಕೂ ಕಲ್ಲಿಗೂ ನ್ಯಾಯ ಕೊಡಹೊರಟವರು ಆ ಹುಳ ಸಾಕುವವರಿಗೆ ಒಂದು ವಾಕ್ಯವೂ ಅರ್ಥವಾಗದ ಹಾಗೆ ಬರೆಯುವುದು ವಿಚಿತ್ರ. “ಹುಳ ಹೇಳ್ದಂಗೆ ಕಣಪ್ಪ” ಎಂಬ ಮೂರು ಮಾತಿನಲ್ಲಿ ಅಡಗಿದ್ದನ್ನು ಮುನ್ನೂರು ಪುಟಕ್ಕೆ ಹಿಗ್ಗಿಸಿದರೆ ವಿದ್ವತ್ತು ಹೆಚ್ಚಾದೀತೆ ಹೊರತು ತಿಳಿವಳಿಕೆ ಹೆಚ್ಚುವುದೆಂದು ಹೇಳಲಾಗದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಎಲ್ಲರೂ ಪಾತ್ರಧಾರಿಗಳಾದರೆ ತಪ್ಪಿತಸ್ಥರು ಯಾರು? ಬಿಚ್ಚಾಣಿಕೆಯ ಷೆಡ್ಡಿನೊಳಗೆ ಹೋಗಿ ನೋಡಿ. ಗೂಡು ಕುದಿಯುತ್ತದೆ, ಹುಳ ಸಾಯುತ್ತದೆ, ಎಳೆ ಬಿಚ್ಚಿಕೊಳ್ಳುತ್ತದೆ, ರಾಟೆ ತಿರುಗುತ್ತದೆ. ಇದನ್ನೆಲ್ಲ ಹುಳ, ನೀರು, ಉಗಿ, ಯಂತ್ರ, ಮನುಷ್ಯರ ಒಂದು ಜಾಲವೆಂದು ವರ್ಣಿಸಬಹುದು. ವರ್ಣನೆ ಸುಂದರವಾಗಿಯೂ ಇರಬಹುದು. ಆದರೆ ಬಿಸಿನೀರಿನಲ್ಲಿ ಬೆರಳಾಡಿಸಿ ಚರ್ಮ ಸುಲಿಸಿಕೊಳ್ಳುವವಳು ಒಬ್ಬಳೇ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ದಿಮೆಯಲ್ಲಿ ಸಾಲಕ್ಕೆ ಜೀತವಿದ್ದ ಮಕ್ಕಳನ್ನು ಕುರಿತು ಒಂದು ವರದಿ ಪ್ರಕಟಿಸಿತು. ಕರ್ನಾಟಕವೂ ಅದರಲ್ಲಿ ಸೇರಿತ್ತು. ಆ ವರದಿ ಬರೆದವರು ಮಕ್ಕಳನ್ನು ಕೂರಿಸಿಕೊಂಡು ಕೇಳಿದರು. ಹಳೆಯ ಕ್ರಮದ, ಮನುಷ್ಯನೇ ಕೇಂದ್ರವಾದ ಸಂದರ್ಶನ ಅದು. ಅಂಥ ಮಗುವಿನ ಮಾತನ್ನು ‘ಮಾನವಕೇಂದ್ರಿತ ದತ್ತಾಂಶ’ವೆಂದು ಬದಿಗಿಟ್ಟು ಉಗಿಯ ಕರ್ತೃತ್ವವನ್ನು ವಿಚಾರಿಸಹೊರಟರೆ ಅದು ವಿದ್ವತ್ತಲ್ಲ, ನಿರ್ದಯೆ.

ಇದಕ್ಕೊಂದು ಹಿನ್ನೆಲೆಯೂ ಇದೆ. ಪಶ್ಚಿಮದವರು ‘ಮನುಷ್ಯ’ನನ್ನು ಸಿಂಹಾಸನದಿಂದ ಇಳಿಸಬೇಕೆನ್ನುವಾಗ ಅವರ ಕಣ್ಣ ಮುಂದಿರುವುದು ಸಿಂಹಾಸನದಲ್ಲಿ ಕುಳಿತ ಮನುಷ್ಯ. ನಮ್ಮಲ್ಲಿ ಬಹು ಮಂದಿ ಆ ಸಿಂಹಾಸನದ ಮೆಟ್ಟಿಲನ್ನೂ ಹತ್ತಿದವರಲ್ಲ. ಕೆರೆಯಲ್ಲಿ ಎಮ್ಮೆ ನೀರು ಕುಡಿಯಬಹುದು, ಆದರೆ ಇವನು ಮುಟ್ಟಬಾರದು ಎಂದಿದ್ದ ನಾಡಿನಲ್ಲಿ, ಮನುಷ್ಯರೆಲ್ಲರನ್ನೂ ಮನುಷ್ಯರೆಂದು ಎಣಿಸುವ ಕೆಲಸವೇ ಇನ್ನೂ ಮುಗಿದಿಲ್ಲ. ಆ ಎಣಿಕೆ ಮುಗಿಯುವ ಮುನ್ನವೇ ಮನುಷ್ಯನನ್ನು ದಾಟೋಣ ಎಂದರೆ, ದಾಟಿಹೋಗುವವರು ಯಾರು, ಹಿಂದೆ ಉಳಿಯುವವರು ಯಾರು ಎಂದು ಕೇಳಲೇಬೇಕಾಗುತ್ತದೆ.

ಹಾಗಾದರೆ ಈ ವಾದವನ್ನು ತಳ್ಳಿಬಿಡೋಣವೆ? ಬೇಡ. ರಾಮದೇವರ ಬೆಟ್ಟ ನಮಗೆ ಮಧ್ಯಮ ಮಾರ್ಗವೊಂದನ್ನು ತೋರಿಸುತ್ತದೆ. ಅಲ್ಲಿ ಗೂಡು ಕಟ್ಟುವ ರಣಹದ್ದುಗಳಿಗಾಗಿ 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲೆಲ್ಲ ರಣಹದ್ದುಗಳು ಅಳಿದುದೇಕೆಂದು ಬಹುಕಾಲ ಯಾರಿಗೂ ಹೊಳೆದಿರಲಿಲ್ಲ. ನೋವಿಗೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನ್ಯಾಕ್ ಎಂಬ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆಂಬ ಸಂಶೋಧನೆ ಪ್ರಕಟವಾದದ್ದು 2004ರಲ್ಲಿ. ರೈತರನ್ನು ಎಷ್ಟು ಸಂದರ್ಶಿಸಿದರೂ ಇದು ತಿಳಿಯುತ್ತಿರಲಿಲ್ಲ. ರೈತ ದನದ ಮೇಲಿನ ಕರುಣೆಯಿಂದ ಔಷಧಿ ಕೊಟ್ಟಿದ್ದ. ಸಾಕ್ಷಿ ಹೇಳಿದ್ದು ಹದ್ದಿನ ಹೆಣ. ಇಲ್ಲಿಯವರೆಗೆ ಗೆಲುವು ಮಾನವೋತ್ತರವಾದದ್ದೇ. ಆದರೆ ಮುಂದೇನಾಯಿತು? 2006ರಲ್ಲಿ ಭಾರತ ಸರ್ಕಾರ ಪಶುಗಳಿಗಾಗಿ ಆ ಔಷಧಿಯನ್ನು ತಯಾರಿಸಬಾರದೆಂದು ನಿಷೇಧ ಹೊರಡಿಸಿತು. ಆ ಆಜ್ಞೆ ಔಷಧಿಗೆ ಕೊಟ್ಟದ್ದಲ್ಲ, ದನಕ್ಕಲ್ಲ, ಹದ್ದಿಗಲ್ಲ, ಮನುಷ್ಯರಿಗೆ ಕೊಟ್ಟದ್ದು. ಪಾಲಿನವರು ಹಲವರು, ಉತ್ತರ ಹೇಳಬೇಕಾದವನು ಮನುಷ್ಯ. ದತ್ತವನ್ನು ಎಲ್ಲರಿಂದಲೂ ಸ್ವೀಕರಿಸುವ ಸಂಶೋಧಕ ಹೊಣೆಯನ್ನು ಎಲ್ಲರಿಗೂ ಹಂಚಿ ಕೈತೊಳೆದುಕೊಳ್ಳಬಾರದು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಬದುಕಿನಲ್ಲೂ ನನಗೆ ಇದೇ ಕಾಣುತ್ತದೆ. 2025ರ ನವೆಂಬರಿನಲ್ಲಿ ತೀರಿಕೊಂಡ ಆಕೆ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲು ಕುದೂರುಗಳ ನಡುವೆ ನೆಟ್ಟ ಆಲದ ಮರಗಳು 385 ಎಂದು ಪ್ರಸಿದ್ಧಿ. ಆ ದಿನಗಳಲ್ಲಿ ಯಾರಾದರೂ ಪ್ರಶ್ನಾವಳಿ ಹಿಡಿದು ಅವರ ಮನೆಗೆ ಹೋಗಿದ್ದರೆ ‘ಮಕ್ಕಳು: ಇಲ್ಲ’ ಎಂದು ಬರೆದುಕೊಂಡು ಬರುತ್ತಿದ್ದರು. ಮರಗಳನ್ನು ಎಣಿಸದ ಆ ವರದಿ ಅಪೂರ್ಣ. ಆದರೆ ಮರಗಳನ್ನು ಮಾತ್ರ ಎಣಿಸಿ, ಬೇಸಗೆಯಲ್ಲಿ ಮೈಲಿಗಟ್ಟಲೆ ಕೊಡ ಹೊತ್ತು ನೀರೆರೆದ ಕೂಲಿ ಹೆಂಗಸಿನ ಸೊಂಟವನ್ನು ಮರೆತ ವರದಿಯೂ ಅಷ್ಟೇ ಅಪೂರ್ಣ. ದತ್ತ, ದತ್ತು ಎರಡನ್ನೂ ಒಟ್ಟಿಗೆ ಓದಬಲ್ಲ ವಿಧಾನ ನಮಗೆ ಬೇಕಾಗಿದೆ.

ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೆ: ಐದನೆಯ ಕಲಮು ಹಾಕಬೇಡ, ಆಕೆ ಹೇಳಿದ ಮಾತನ್ನು ಹೇಳಿದಂತೆಯೇ ಬರೆ. ಆಮೇಲೆ ಇನ್ನೊಂದು ಸಲ ಹೋಗಿ ಕುಳಿತುಕೋ. ಹುಳ ಏನೇನು ಹೇಳುತ್ತದೆ, ಅದನ್ನು ಕೇಳಿ ಎದ್ದೇಳುವವರು ಯಾರು ಎಂದು ವಿಚಾರಿಸು. ಹದಿನೈದು ದಿನ ಬಿಟ್ಟು ಹುಡುಗ ಮತ್ತೆ ಬಂದ. ಈ ಸಲ ಟಿಪ್ಪಣಿ ಪುಸ್ತಕದಲ್ಲಿ ಎರಡು ಪುಟ ತುಂಬಿತ್ತು: ಜ್ವರದ ದಿನಗಳು, ಸೊಪ್ಪಿನ ಹೊರೆ, ಬಲೆ ಕಟ್ಟಿದ ಕಿಟಕಿ, ರಾತ್ರಿ ಎರಡು ಗಂಟೆಯ ಮೇವು. ಕೊನೆಯಲ್ಲಿ ಆ ಮನೆಯಾಕೆಯ ಮಾತು.

“ಹೇಳೋದು ಹುಳಾನೇ. ಎದ್ದು ಹೋಗೋಳು ಮಾತ್ರ ನಾನು. ಅದನ್ನೂ ಬರ್ಕೊ.”